ಚರ್ಚಾಸ್ಪರ್ಧೆಗೆ ಬಾಯಿಪಾಠ ಸಾಲದು

ಊರಿನಲ್ಲಿ ನಾವು ಕಂಡ ಚರ್ಚಾಸ್ಪರ್ಧೆ ನೆನಪಿದೆಯೇ? ಮೇಷ್ಟ್ರು ಬರೆದುಕೊಟ್ಟದ್ದನ್ನು ಉರು ಹೊಡೆದು, ‘ಮಾನ್ಯ ತೀರ್ಪುಗಾರರೇ’ ಎಂದು ಶುರುಮಾಡಿ, ಗಂಟೆ ಬಾರಿಸುವುದರೊಳಗೆ ಒಪ್ಪಿಸಿ ಇಳಿಯುತ್ತಿದ್ದೆವು. ಕೆಲ್ಲಿವಿಲ್ ಕಡೆಯ ಶಾಲೆಗಳಲ್ಲಿ ನಮ್ಮ ಮಕ್ಕಳು ಮಾಡುವ ಡಿಬೇಟ್ ಬೇರೆಯೇ ಆಟ. ಇದು ತಿಳಿಯದೆ ನಾನು ಮಗಳಿಗೆ ಸೊಗಸಾದ ಭಾಷಣ ಬರೆದುಕೊಟ್ಟೆ. ಹೋಮ್‌ವರ್ಕ್ ಬೇಡ ಎನ್ನುವುದು ಅವಳ ಪಕ್ಷ. ಎದುರು ತಂಡದ ಹುಡುಗ, ‘ಹೋಮ್‌ವರ್ಕ್ ಇಲ್ಲದಿದ್ದರೆ ಹಣವುಳ್ಳವರು ಟ್ಯೂಷನ್‌ಗೆ ಕಳಿಸುತ್ತಾರೆ, ಉಳಿದವರು ಏನು ಮಾಡಬೇಕು?’ ಎಂದು ಕೇಳಿದ. ನನ್ನ ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಕಾಗದವನ್ನೇ ಓದಿ ಕುಳಿತಳು. ಮನೆಗೆ ಬರುವವರೆಗೂ ಮಾತಿಲ್ಲ.

ನ್ಯೂ ಸೌತ್ ವೇಲ್ಸ್ ಸರ್ಕಾರಿ ಶಾಲೆಗಳ ಪ್ರೀಮಿಯರ್ಸ್ ಡಿಬೇಟಿಂಗ್ ಚಾಲೆಂಜ್‌ನಲ್ಲಿ ತಂಡಕ್ಕೆ ನಾಲ್ವರು, ಮಾತನಾಡುವವರು ಮೂವರು. ವಿಷಯ ಸಿಗುವುದು ಒಂದು ಗಂಟೆ ಮುಂಚೆ. ಟೀಚರ ಸಹಾಯವಿಲ್ಲ. ಹಾಗಾಗಿ ಅಪ್ಪ ಅಮ್ಮ ಬರೆದುಕೊಡುವ ಪ್ರಶ್ನೆಯೇ ಇಲ್ಲ!

ಪರ ತಂಡದ ಮೊದಲನೆಯವರು ವಿಷಯದ ಅರ್ಥ ಹೇಳಿ ವಾದ ಆರಂಭಿಸುತ್ತಾರೆ. ಆಮೇಲೆ ಬರುವ ಪ್ರತಿಯೊಬ್ಬರೂ ಮೊದಲು ಎದುರಾಳಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಮೂರನೆಯವರ ಕೆಲಸ ಬಹುಪಾಲು ಖಂಡನೆಯೇ. ವಿರೋಧ ಪಕ್ಷದ ಮೂರನೆಯವರು ಹೊಸ ವಾದ ತರುವಂತೆಯೇ ಇಲ್ಲ, ಏಕೆಂದರೆ ಅದಕ್ಕೆ ಉತ್ತರಿಸಲು ಮತ್ತೊಬ್ಬರು ಉಳಿದಿರುವುದಿಲ್ಲ.

ಇಲ್ಲಿ ಗೆಲ್ಲಿಸುವುದು ಕಿವಿ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವರು ಹೇಳಿದ್ದು, ಬಲಕ್ಕೆ ನಿಮ್ಮ ಉತ್ತರ. ಮಕ್ಕಳು ಸಾಮಾನ್ಯವಾಗಿ ಎದುರಾಳಿಯ ಸಣ್ಣ ತಪ್ಪನ್ನು ಹಿಡಿದು ಜಗ್ಗುತ್ತಾರೆ. ಅದರಿಂದ ಲಾಭ ಕಡಿಮೆ. ಅವರ ಗಟ್ಟಿ ವಾದವನ್ನೇ ಹಿಡಿಯಿರಿ. ಟ್ಯೂಷನ್ ಪ್ರಶ್ನೆಯನ್ನೇ ನೋಡಿ: ‘ಅಂತರ ಈಗಲೂ ಇದೆ. ಹೋಮ್‌ವರ್ಕ್‌ನಲ್ಲಿ ಸಹಾಯ ಮಾಡಲು ಬಿಡುವಿರುವ ಮನೆಯ ಮಗುವಿಗೇ ಅನುಕೂಲ ಹೆಚ್ಚು. ಕೆಲಸವೆಲ್ಲ ತರಗತಿಯಲ್ಲೇ ನಡೆದರೆ ಎಲ್ಲರಿಗೂ ಅದೇ ಟೀಚರ್’ ಎನ್ನಬಹುದಿತ್ತು. ಅವರದೇ ಮಾತು ನಮ್ಮ ಕಡೆಗೆ ವಾಲುತ್ತಿತ್ತು. (ಇದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ.)

ಇದು ನಮಗೆ ಹೊಸದೇನಲ್ಲ. ನ್ಯಾಯಶಾಸ್ತ್ರ ವಾದ, ಜಲ್ಪ, ವಿತಂಡ ಎಂದು ಮೂರು ಬಗೆ ಹೇಳುತ್ತದೆ. ಸತ್ಯ ತಿಳಿಯಲು ಆಡುವುದು ವಾದ, ಗೆಲ್ಲಲೆಂದೇ ಆಡುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವರನ್ನು ಬರೀ ಖಂಡಿಸುವುದು ವಿತಂಡ. ಕರಾವಳಿಯ, ಕಾಸರಗೋಡಿನ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆಯೂ ಇಲ್ಲ. ಭಾಗವತರ ಹಾಡು ಮುಗಿದೊಡನೆ ಅರ್ಥಧಾರಿ ಎದುರಿನವರ ಮಾತಿಗೆ ಅಲ್ಲೇ ಮಾತು ಹೊಸೆಯಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳಿದಾಗ ರಾಮನಾದವರು ಬೆವರುವುದುಂಟು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಹೆಸರಾದದ್ದು ಇಂಥ ಮಾತಿನಿಂದಲೇ.

ಪೋಷಕರೇ, ಭಾಷಣ ಬರೆದುಕೊಡಬೇಡಿ, ಎದುರಾಳಿಯಾಗಿ. ಊಟದ ಹೊತ್ತಿಗೆ ಒಂದು ವಿಷಯ ಇಡಿ: ‘ಶನಿವಾರದ ಕನ್ನಡ ಶಾಲೆ ಕಡ್ಡಾಯವಾಗಬೇಕು.’ ನಿಯಮ ಒಂದೇ, ನೀವು ಹೇಳಿದ್ದನ್ನು ಮಗು ತನ್ನ ಮಾತಿನಲ್ಲಿ ಸರಿಯಾಗಿ ಹೇಳಿದ ಮೇಲೆಯೇ ಉತ್ತರಿಸಬೇಕು. ಐದು ನಿಮಿಷದ ನಂತರ ಪಕ್ಷ ಬದಲಿಸಿ. ನಮ್ಮ ಮನೆಯಲ್ಲಿ ಈಗ ಹೆಚ್ಚಾಗಿ ಸೋಲುವುದು ನಾನೇ.