ಹಾಡಿಗಳಲ್ಲಿ ಮೂಡಬೇಕಾದ ಎರಡು ಎಚ್ಚರಗಳು

ಕೊಡಗು, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿ, ಪೋಡುಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಹಾಗೂ ಸೋಲಿಗ ಕುಟುಂಬಗಳು ವಾಸಿಸುತ್ತಿವೆ. ಕಾಫಿ ಕೊಯ್ಲಿನ ಕಾಲದಲ್ಲಿ ಇವರಲ್ಲಿ ಅನೇಕರು ಮುಂಜಾನೆಯೇ ಜೀಪು, ಪಿಕಪ್‌ಗಳಲ್ಲಿ ತೋಟಗಳಿಗೆ ತೆರಳುತ್ತಾರೆ. ಒಂದು ಹಾಡಿಯ ದುಡಿಯುವ ಕೈಗಳೆಲ್ಲ ಒಂದೇ ವಾಹನದಲ್ಲಿರುವುದೂ ಉಂಟು. ಚಾಲಕನ ಒಂದು ತೂಕಡಿಕೆ ಹಲವು ಮನೆಗಳ ದೀಪ ಆರಿಸಬಲ್ಲದು. ಒಂದು ಮೋಸದ ಕರೆ ತಿಂಗಳುಗಳ ಕೂಲಿಯನ್ನು ಕಸಿಯಬಲ್ಲದು.

1. ಚಾಲಕನ ಆಯಾಸ

ಗಂಟೆಗೆ 60 ಕಿ.ಮೀ. ವೇಗದ ವಾಹನವು ಚಾಲಕನ ಕಣ್ಣು 4 ಸೆಕೆಂಡು ಮುಚ್ಚಿದರೆ ಸುಮಾರು 67 ಮೀಟರ್ ದೂರವನ್ನು ಹಿಡಿತವಿಲ್ಲದೆ ಸಾಗುತ್ತದೆ. ಘಟ್ಟದ ತಿರುವಿನಲ್ಲಿ ಅಷ್ಟು ದೂರ ರಸ್ತೆಯೇ ಇರುವುದಿಲ್ಲ. ನಸುಕಿನಲ್ಲಿ ಹಾಗೂ ಮಧ್ಯಾಹ್ನದ ಊಟದ ನಂತರ ನಿದ್ರೆಯ ಒತ್ತಡ ಹೆಚ್ಚು. ಪದೇ ಪದೇ ಆಕಳಿಕೆ, ಕಣ್ಣುರಿ, ದಾಟಿ ಬಂದ ದಾರಿ ನೆನಪಾಗದಿರುವುದು ಇದರ ಲಕ್ಷಣಗಳು. ಗಾಳಿಗೆ ಮುಖ ಒಡ್ಡುವುದು, ಹಾಡು ಹಾಕುವುದು ಪರಿಹಾರವಲ್ಲ. ವಾಹನ ನಿಲ್ಲಿಸಿ 15ರಿಂದ 20 ನಿಮಿಷ ಮಲಗಿದರೆ ತಾತ್ಕಾಲಿಕ ಚೇತರಿಕೆ ದೊರೆಯುತ್ತದೆ. ರಾತ್ರಿಯ ಪೂರ್ಣ ನಿದ್ರೆಗೆ ಅದೂ ಸಮನಲ್ಲ. ತಡರಾತ್ರಿಯವರೆಗೆ ಮೊಬೈಲ್ ನೋಡುವ ಅಭ್ಯಾಸವು ಈ ನಿದ್ರೆಯನ್ನೇ ಕದಿಯುತ್ತದೆ.

2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ರ ಪ್ರಕಾರ ದುಡಿಮೆ ದಿನಕ್ಕೆ ಸಾಮಾನ್ಯವಾಗಿ 8 ಗಂಟೆ ಇತ್ತು. 5 ಗಂಟೆಗಳಿಗೆ ಮೀರದಂತೆ ದುಡಿದ ಬಳಿಕ ಕನಿಷ್ಠ ಅರ್ಧ ಗಂಟೆ ವಿರಾಮವಿತ್ತು. ಬಿಡಿ ವಾಹನಗಳ ಮಾಲೀಕರಿಗೂ ಇದೇ ಅಳತೆಗೋಲಾಗಲಿ.

2. ಮೊಬೈಲ್ ವಂಚನೆ

ಸರ್ಕಾರಿ ಮನೆ, ಪಿಂಚಣಿ, ಸುಲಭ ಸಾಲದ ಹೆಸರಿನಲ್ಲಿ ಕರೆಗಳು ಬರುತ್ತವೆ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಒಟಿಪಿಯನ್ನು ಯಾರಿಗೂ ಹೇಳಬಾರದು. ಹೆಬ್ಬೆಟ್ಟು ಒತ್ತಿ ಹಣ ಪಡೆಯುವವರು ಪ್ರತಿ ಬಾರಿಯೂ ರಸೀದಿ ಕೇಳಬೇಕು. ಹಣ ಹೋದುದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಸಿಗ್ನಲ್ ಇಲ್ಲದ ಹಾಡಿಗಳಲ್ಲಿ ಕರೆ ಸಿಗುವ ಜಾಗ ಎಲ್ಲರಿಗೂ ಗೊತ್ತಿರಬೇಕು.

3. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

• ಕೊಯ್ಲಿಗೆ ಮುನ್ನ ಹಾಡಿಯಲ್ಲೇ, ಯಜಮಾನರ ಸಮ್ಮುಖದಲ್ಲಿ ಸಭೆ ನಡೆಸುವುದು. ಅಲ್ಲಿನ ಯುವಕ ಯುವತಿಯರಿಂದ ಅವರದೇ ನುಡಿಯಲ್ಲಿ ವಿಷಯ ಹೇಳಿಸುವುದು.
• ಚಾಲಕರನ್ನೂ ವಾಹನ ಮಾಲೀಕರನ್ನೂ ಸಭೆಗೆ ಕರೆದು, ಸರಕು ವಾಹನದಲ್ಲಿ ಜನರನ್ನು ತುಂಬದಂತೆ ತಿಳಿಹೇಳುವುದು.
• ಅಂಗನವಾಡಿ ಗೋಡೆಯ ಮೇಲೆ 1930 ಮತ್ತು 108 ಸಂಖ್ಯೆಗಳನ್ನು ದೊಡ್ಡದಾಗಿ ಬರೆಸುವುದು.
• ಮೋಸಹೋದವರನ್ನು ಹಳಿಯದೆ ದೂರು ನೀಡಲು ಜೊತೆಗೆ ಹೋಗುವುದು. ನಾಚಿಕೆಯಿಂದ ಮುಚ್ಚಿಟ್ಟ ವಂಚನೆ ಪಕ್ಕದ ಮನೆಗೂ ಬರುತ್ತದೆ.

ಸಭೆಯಲ್ಲಿ ಎರಡು ಮಾತುಗಳು ಎಲ್ಲರ ನೆನಪಿನಲ್ಲಿ ಉಳಿದರೆ ಸಾಕು: ನಿದ್ದೆ ಬಂದರೆ ಗಾಡಿ ನಿಲ್ಲಿಸಿ, ಅನುಮಾನ ಬಂದರೆ ಕರೆ ನಿಲ್ಲಿಸಿ.