ತಂದೆಯ ಕಾಲದ ಟ್ರ್ಯಾಕ್ಟರ್: ದುರಸ್ತಿಗೆ ಮೊದಲು ದೋಷ ಪತ್ತೆ

ತಂದೆ ಕೊಂಡ ಟ್ರ್ಯಾಕ್ಟರ್ ಅವರ ಕಾಲಾನಂತರ ಕೊಟ್ಟಿಗೆಯಲ್ಲಿ ನಿಂತುಬಿಡುವುದು ಅನೇಕ ರೈತ ಕುಟುಂಬಗಳಲ್ಲಿ ಕಂಡುಬರುತ್ತದೆ. ಕೆಲವರು ಅದನ್ನು ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು ದೋಷ ತಿಳಿಯದೆಯೇ ಒಂದೊಂದು ಭಾಗ ಬದಲಿಸಿ ಹಣ ಕಳೆದುಕೊಳ್ಳುತ್ತಾರೆ. ಇವೆರಡೂ ನಷ್ಟದ ದಾರಿಗಳೇ.

ಎಚ್.ಎಂ.ಟಿ. ಟ್ರ್ಯಾಕ್ಟರನ್ನೇ ನೋಡಿ. ಹರಿಯಾಣದ ಪಿಂಜೋರಿನಲ್ಲಿ 1971ರಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಿಂದ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಕೆ ಆರಂಭವಾಯಿತು. ಈ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಇಂಥ ಯಂತ್ರಗಳನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿರಬಹುದು. ದೂರದವರಿಂದ ಫೋನಿನಲ್ಲಿ ಸಲಹೆ ಪಡೆಯಬೇಕಾಗುತ್ತದೆ. "ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂದಷ್ಟೇ ಹೇಳಿದರೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ಆದುದರಿಂದ ಮೊದಲು ತಾನೇ ಪರೀಕ್ಷಿಸಿ, ಕಂಡದ್ದನ್ನು ಬರೆದಿಟ್ಟು, ಅನಂತರ ಕೇಳುವುದು ಲೇಸು.

ಸ್ಟಾರ್ಟ್ ಮಾಡುವ ಮುನ್ನ

ವರ್ಷಗಟ್ಟಲೆ ನಿಂತ ಎಂಜಿನನ್ನು ಕೂಡಲೇ ಸ್ಟಾರ್ಟ್ ಮಾಡಕೂಡದು. ಅಳತೆ ಕಡ್ಡಿ ತೆಗೆದು ಎಂಜಿನ್ ಆಯಿಲ್ ನೋಡಿರಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಮುಂದುವರಿಯಬೇಡಿರಿ. ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿರುವುದುಂಟು, ಬಿಚ್ಚಿ ಶುಚಿಗೊಳಿಸಿರಿ. ಹಳೆಯ ಡೀಸೆಲನ್ನು ಬಸಿದು, ಟ್ಯಾಂಕಿನ ತಳದ ಕೆಸರು ತೊಳೆದು, ಫಿಲ್ಟರುಗಳನ್ನು ಬದಲಿಸಿರಿ.

ಎಂಜಿನ್ ನಿಲ್ಲಿಸುವ ಹಿಡಿಕೆ ಸಲೀಸಾಗಿ ಆಡುವುದೇ ಎಂದು ತಪ್ಪದೆ ನೋಡಿರಿ. ಫ್ಯುಯೆಲ್ ಪಂಪಿನ ಒಳಭಾಗ ಅಂಟಿಕೊಂಡಿದ್ದರೆ ಎಂಜಿನ್ ಹತೋಟಿ ಮೀರಿ ಓಡುವ ಅಪಾಯವಿದೆ. ನಂತರ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಆ ಹಿಡಿಕೆಯನ್ನು ಎಳೆದಿಟ್ಟು, ಎಂಜಿನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿರಿ.

ತಿರುಗದಿದ್ದರೆ ಇಂಜೆಕ್ಟರುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಮಿಶ್ರಣವನ್ನು ಸ್ವಲ್ಪ ಸುರಿದು, ಒಂದೆರಡು ದಿನ ಬಿಟ್ಟು ಪುನಃ ಪ್ರಯತ್ನಿಸಿರಿ. ಬೇರೆ ಟ್ರ್ಯಾಕ್ಟರಿಗೆ ಕಟ್ಟಿ, ಗೇರಿನಲ್ಲಿಟ್ಟು ಎಳೆಯಿಸಬೇಡಿರಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ, ಸಣ್ಣ ದುರಸ್ತಿ ದೊಡ್ಡದಾಗುತ್ತದೆ.

ಹೊಗೆ ತಿಳಿಸುವ ಸಂಗತಿ

ಫಿಲ್ಟರ್ ಬದಲಿಸಿದಾಗ ಡೀಸೆಲ್ ಕೊಳವೆಗಳಿಗೆ ಗಾಳಿ ಸೇರುತ್ತದೆ. ಫಿಲ್ಟರಿನ ಮೇಲಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿರಿ. ಬಳಿಕ ಫ್ಯುಯೆಲ್ ಪಂಪಿನಲ್ಲಿಯೂ ಹೀಗೆಯೇ ಗಾಳಿ ತೆಗೆಯಿರಿ. ಈಗ ಹಿಡಿಕೆ ಬಿಟ್ಟು ಸ್ಟಾರ್ಟರ್ ಕೊಟ್ಟು ನೋಡಿರಿ.

ಎಂಜಿನ್ ತಿರುಗಿದರೂ ಸೈಲೆನ್ಸರಿನಲ್ಲಿ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಸ್ಟಾರ್ಟರಿನ ವೇಗ, ಕಂಪ್ರೆಷನ್ ಮತ್ತು ಇಂಜೆಕ್ಟರನ್ನು ಪರೀಕ್ಷಿಸಬೇಕು. ಓಡುವಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು.

ಎಚ್ಚರಿಕೆ: ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಬೇಡಿರಿ. ಅದು ಚರ್ಮವನ್ನು ತೂರಿ ಒಳಹೋಗಬಲ್ಲದು. ಹಾಗಾದಲ್ಲಿ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.

ಸಲಹೆ ಕೇಳುವಾಗ ಕೊಡಬೇಕಾದ ವಿವರಗಳು

1. ಮಾದರಿ, ತಯಾರಾದ ವರ್ಷ, ಎಂಜಿನ್ ಮತ್ತು ಚಾಸಿ ಸಂಖ್ಯೆ.
2. ಕೊನೆಯ ಸಲ ಓಡಿದ್ದು ಯಾವಾಗ, ನಿಂತದ್ದು ಹೇಗೆ: ತಟ್ಟನೆಯೋ, ಕ್ರಮೇಣ ಶಕ್ತಿ ಕುಂದಿಯೋ?
3. ಮೇಲಿನ ಪ್ರತಿ ಪರೀಕ್ಷೆಯಲ್ಲಿ ಕಂಡ ಫಲ.
4. ಈಗಾಗಲೇ ಬದಲಿಸಿದ ಭಾಗಗಳು.
5. ಬಿಡಿಭಾಗ ಬೇಕಿದ್ದರೆ ಅದರ ಮೇಲಿನ ಸಂಖ್ಯೆ ಮತ್ತು ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಬದಿಯಿಂದ ತೆಗೆದ ಚಿತ್ರ.

ಭಾಗ ಬಿಚ್ಚುವ ಮೊದಲೂ ಚಿತ್ರ ತೆಗೆದಿಡಿ. ಮರಳಿ ಜೋಡಿಸುವಾಗ ಅದೇ ದಾರಿ ತೋರುತ್ತದೆ.

ಕಾಗದಪತ್ರ

ಮಾಲೀಕರು ತೀರಿಕೊಂಡಲ್ಲಿ 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕು. ನೋಂದಣಿಯ 15 ವರ್ಷದ ಅವಧಿ ಮುಗಿದಿದ್ದರೆ ನವೀಕರಣವೂ ಆಗಬೇಕು. ಅಣ್ಣತಮ್ಮಂದಿರು ಯಾರ ಹೆಸರಿಗೆ ಎಂಬುದನ್ನು ಖರ್ಚಿಗೆ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಬ್ಲಾಕ್ ಸೀಳಿದ್ದರೆ ಅಥವಾ ಕ್ರ್ಯಾಂಕ್ ಮುರಿದಿದ್ದರೆ ಮಮತೆ ಬದಿಗಿಟ್ಟು ಲೆಕ್ಕ ಹಾಕಿರಿ. ಅಂಥ ದೋಷವಿಲ್ಲದಿದ್ದರೆ ಬ್ರೇಕು, ಸ್ಟಿಯರಿಂಗು ಸರಿಪಡಿಸಿದ ನಂತರವೇ ಹೊಲಕ್ಕಿಳಿಸಿರಿ. ನೀರೆತ್ತುವುದು, ಒಕ್ಕಣೆಯಂಥ ಹಗುರ ಕೆಲಸಗಳಿಗೆ ಹಳೆಯ ಯಂತ್ರ ಇನ್ನೂ ಹಲವು ಹಂಗಾಮು ಒದಗಬಲ್ಲದು.