ಲಿನಕ್ಸ್ ಅರ್ಧಕ್ಕೆ ನಿಂತಿತೇ? ಎಲ್ಲಿ ನಿಂತಿತು, ಮೊದಲು ಅದನ್ನು ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಜಮಖಂಡಿಯ ಕಾಲೇಜು ಹುಡುಗರ ಬ್ಯಾಗಿನಲ್ಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಲೆಕ್ಕದ ಮೇಜಿನ ಮೇಲೆ, ಮುಧೋಳ, ಬೀಳಗಿಯ ಝೆರಾಕ್ಸ್ ಅಂಗಡಿಗಳಲ್ಲಿ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಈ ಅರ್ಹತೆ ಇಲ್ಲ. ಲಿನಕ್ಸ್ ಹಾಕಿ ನೋಡುವವರು ಈಗ ಹೆಚ್ಚಾಗಿರುವುದು ಅದಕ್ಕೇ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮಾತ್ರ ಕೇಳಿಬರುವ ಮಾತು ಒಂದೇ: 'ಮಷಿನ್ ಹೋಗೇತ್ರೀ.'

ಬಹಳಷ್ಟು ಸಲ ಮಷಿನ್ ಹೋಗಿರುವುದಿಲ್ಲ. ಗುಜರಿಗೆ ಹಾಕುವ ಮುನ್ನ, ಮತ್ತೆ ಮತ್ತೆ ಫಾರ್ಮ್ಯಾಟ್ ಹೊಡೆಯುವ ಮುನ್ನ, ಕೆಲಸ ಯಾವ ಹಂತದಲ್ಲಿ ನಿಂತಿತೆಂದು ಗುರುತಿಸಿ. ಪರದೆಯ ಮೇಲೆ ಬಂದ ಸಂದೇಶದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ರಿಪೇರಿ ಅಂಗಡಿಗೆ ಹೋಗಬೇಕಾಗಿ ಬಂದರೂ ಆ ಫೋಟೊ ಅರ್ಧ ಕೆಲಸ ಮುಗಿಸುತ್ತದೆ.

ಕೈಹಾಕುವ ಮುನ್ನ

ಕಡತಗಳನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಟ್ಯಾಲಿಯಾಗಲಿ, ಸೀರೆಯ ಡಿಸೈನ್ ತೆಗೆಯುವ ಸಾಫ್ಟ್‌ವೇರ್ ಆಗಲಿ ವಿಂಡೋಸ್‌ನಲ್ಲಷ್ಟೇ ಓಡುವಂಥದ್ದಾದರೆ ವಿಂಡೋಸ್ ಅಳಿಸಬೇಡಿ, ಎರಡನ್ನೂ ಇಟ್ಟುಕೊಳ್ಳಿ.

ಹಳೆಯ ಯಂತ್ರಕ್ಕೆ ನನ್ನ ಆಯ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಡಿಸ್ಕ್‌ನಲ್ಲಿ ಕನಿಷ್ಠ 20 ಜಿಬಿ ಖಾಲಿ ಇರಬೇಕು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಆದರೆ ಅದು 64-ಬಿಟ್ ಪ್ರೊಸೆಸರ್‌ಗೆ ಮಾತ್ರ. ವಿಂಡೋಸ್ 32-ಬಿಟ್ ಇದೆಯೆಂದ ಮಾತ್ರಕ್ಕೆ ಪ್ರೊಸೆಸರ್ ಕೂಡ 32-ಬಿಟ್ ಎಂದು ತಿಳಿಯಬೇಡಿ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ 'ಎಕ್ಸ್64 ಪ್ರೊಸೆಸರ್' ಎಂದಿದ್ದರೆ ಸಾಕು.

ಪೆನ್‌ಡ್ರೈವ್‌ನಿಂದ ಏನೂ ಶುರುವಾಗದಿದ್ದರೆ

ಇಳಿಸಿಕೊಂಡ ಐಎಸ್ಒ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಎಚ್ಚರ್‌ನಂಥ ಸಾಧನದಿಂದ ಬರೆಯಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು. ರೂಫಸ್‌ನಲ್ಲಿ ಎಂಬಿಆರ್ ಆರಿಸಿ, ಟಾರ್ಗೆಟ್ 'ಬಯಾಸ್ ಆರ್ ಯುಇಎಫ್ಐ' ಎಂದಿದ್ದರೆ ಹಳೆಯದು, ಹೊಸದು ಎರಡರಲ್ಲೂ ನಡೆಯುತ್ತದೆ.

ಮೊಬೈಲ್ ಡೇಟಾದಲ್ಲಿ ಇಳಿಸಿಕೊಂಡ ಕಡತ ನಡುವೆ ತುಂಡಾಗಿರುವುದೂ ಉಂಟು. 7-ಜಿಪ್ ಇದ್ದರೆ ಐಎಸ್ಒ ಮೇಲೆ ರೈಟ್ ಕ್ಲಿಕ್ ಮಾಡಿ, 'ಸಿಆರ್‌ಸಿ ಎಸ್‌ಎಚ್‌ಎ' ಮೆನುವಿನಿಂದ ಎಸ್‌ಎಚ್‌ಎ-256 ಮೊತ್ತ ತೆಗೆಯಿರಿ. ಮಿಂಟ್‌ನವರು ಕೊಟ್ಟ ಮೊತ್ತಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಮತ್ತೆ ಇಳಿಸಿಕೊಳ್ಳಿ.

ಬೂಟ್ ಮೆನು ತೆರೆಯುವ ಕೀ ಕಂಪನಿಗೊಂದು: ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್, ಲೆನೊವೊದಲ್ಲಿ ಎಫ್12 ಅಥವಾ ಅಂಚಿನಲ್ಲಿರುವ ಪುಟ್ಟ ನೋವೊ ಬಟನ್. ಏಸರ್‌ನಲ್ಲೂ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಮೊದಲು ಬಯಾಸ್‌ಗೆ ಹೋಗಿ ಆ ಮೆನುವನ್ನು ಎನೇಬಲ್ ಮಾಡಬೇಕು. ಸೆಕ್ಯೂರ್ ಬೂಟ್ ತಡೆಯುತ್ತಿದ್ದರೆ ಅದನ್ನೂ ಅಲ್ಲೇ ಆಫ್ ಮಾಡಿ. ಬಿಟ್‌ಲಾಕರ್ ಇರುವ ಯಂತ್ರವಾದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡ ಮೇಲಷ್ಟೇ ಇದಕ್ಕೆ ಕೈಹಾಕಿ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ 'ಯುಇಎಫ್ಐ' ಎಂದಿರುತ್ತದೆ. ಮುಂದೆ ಬರುವ ಅರ್ಧ ತೊಂದರೆಗಳ ಮೂಲ ಇಲ್ಲಿದೆ. ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಷನ್‌ನಲ್ಲಿ 'ಬಯಾಸ್ ಮೋಡ್' ಎಂಬ ಸಾಲು ನೋಡಿ. ಅಲ್ಲಿ ಲೆಗಸಿ ಎಂದಿದ್ದರೆ ಪೆನ್‌ಡ್ರೈವನ್ನೂ ಲೆಗಸಿಯಲ್ಲೇ, ಯುಇಎಫ್ಐ ಎಂದಿದ್ದರೆ ಯುಇಎಫ್ಐನಲ್ಲೇ ಶುರು ಮಾಡಿ.

ಪರದೆ ಕಪ್ಪಾದರೆ

ಮಿಂಟ್‌ನ ಮೊದಲ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್', ಉಬುಂಟುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಆರಿಸಿ. ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಈ ಕಾಟ ಹೆಚ್ಚು. ಇನ್‌ಸ್ಟಾಲ್ ಆದ ಮೇಲೂ ಕಪ್ಪಾದರೆ ರಿಕವರಿ ಮೋಡ್‌ಗೆ ಹೋಗಿ 'ರೆಸ್ಯೂಮ್' ಒತ್ತಿ ಒಳಗೆ ಬನ್ನಿ. ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿ.

ಡಿಸ್ಕ್ ಕಾಣದಿದ್ದರೆ, ಕಂಡರೂ ಜಾಗ ಸಿಗದಿದ್ದರೆ

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ ನೋಡಿ. ರೈಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿದ್ದರೆ ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಮೊದಲು ಅದನ್ನು ಸೇಫ್ ಮೋಡ್‌ನಲ್ಲಿ ಶುರುವಾಗುವಂತೆ ಹೊಂದಿಸಿ, ಆಮೇಲೆ ಬಯಾಸ್ ಬದಲಿಸಿ. ಇಲ್ಲವಾದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲುತ್ತದೆ.

ಹೆಚ್ಚು ಜನ ಗೊಂದಲಕ್ಕೆ ಬೀಳುವುದು ಇನ್ನೊಂದು ಕಡೆ. ಡಿಸ್ಕ್ ಕಾಣುತ್ತದೆ, 50 ಜಿಬಿ ಖಾಲಿಯೂ ಇದೆ, ಆದರೂ ಇನ್‌ಸ್ಟಾಲರ್ ಅದನ್ನು 'ಅನ್‌ಯೂಸಬಲ್' ಎನ್ನುತ್ತದೆ. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗಳಿಗೆ ಅವಕಾಶ. ಸಿಸ್ಟಂನದೊಂದು, ರಿಕವರಿಯದೊಂದು, ಸಿ ಮತ್ತು ಡಿ ಸೇರಿದರೆ ನಾಲ್ಕೂ ತುಂಬಿದವು. ಹೊಸದಕ್ಕೆ ಜಾಗವಿದ್ದರೂ ಹೆಸರು ಬರೆಯಲು ಸಾಲಿಲ್ಲ. ಡಿ ಡ್ರೈವ್‌ನ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಟ್ಟು, ಆ ಡ್ರೈವನ್ನು ಅಳಿಸಿ, ಅಲ್ಲಿ ಲಾಜಿಕಲ್ ಪಾರ್ಟಿಷನ್ ಮಾಡಿಕೊಂಡರೆ ಲಿನಕ್ಸ್ ಕೂರುತ್ತದೆ. ಐದನೆಯದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಲು ಹೋದರೆ ಅದು ಡಿಸ್ಕನ್ನು 'ಡೈನಾಮಿಕ್' ಮಾಡಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಒಪ್ಪಿದರೆ ಲಿನಕ್ಸ್ ಹಾಕುವ ಕೆಲಸ ಇನ್ನಷ್ಟು ಜಟಿಲವಾಗುತ್ತದೆ.

ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡುವುದನ್ನೂ ಮರೆಯಬೇಡಿ. ಅದು ಆನ್ ಇದ್ದರೆ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಅದರ ಪಾರ್ಟಿಷನ್‌ಗೆ ಬರೆಯಲು ಲಿನಕ್ಸ್‌ಗೆ ಆಗುವುದಿಲ್ಲ.

ಕಡತ ನಕಲಾಗುತ್ತ ನಿಂತರೆ

ನಮ್ಮ ಭಾಗದ ಲ್ಯಾಪ್‌ಟಾಪ್‌ಗಳನ್ನು ಈ ಹಂತದಲ್ಲಿ ಇನ್ನಷ್ಟು ಎಚ್ಚರದಿಂದ ನೋಡಬೇಕು. ಕಡತಗಳು ನಕಲಾಗುತ್ತಿರುವಾಗ 'ಎರ‍್ನೋ 5, ಇನ್‌ಪುಟ್/ಔಟ್‌ಪುಟ್ ಎರರ್' ಎಂಬ ಚೌಕ ಬರುತ್ತದೆ. ಅದರೊಳಗಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. ಡಿಸ್ಕ್ ಹಳತಾಗಿರಬಹುದು, ಯಂತ್ರವನ್ನು ತಂಪಾದ ಜಾಗಕ್ಕೆ ಒಯ್ದು ನೋಡಿ ಎಂದು ಇನ್‌ಸ್ಟಾಲರೇ ಸಲಹೆ ಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಬಾಗಲಕೋಟೆ ಬಿಸಿಲಿನಲ್ಲಿ, ತಗಡಿನ ಶೆಡ್ಡಿನೊಳಗೆ ಕುಳಿತು ಇನ್‌ಸ್ಟಾಲ್ ಮಾಡುವವರಿಗೆ ಅದು ಬರೀ ಔಪಚಾರಿಕ ಮಾತಲ್ಲ.

ಪವರ್‌ಲೂಮ್ ಇರುವ ಕಡೆ ಇಟ್ಟ ಲ್ಯಾಪ್‌ಟಾಪ್ ಆದರೆ ತಳದ ಮುಚ್ಚಳ ತೆಗೆಸಿ ಫ್ಯಾನ್ ನೋಡಿ. ನೂಲಿನ ನವಿರಾದ ಧೂಳು ಗಾಳಿ ಹೊರಹೋಗುವ ಜಾಲರಿಯ ಒಳಮೈಗೆ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ, ಫ್ಯಾನ್ ತಿರುಗುತ್ತಿರುತ್ತದೆ, ಬಿಸಿ ಮಾತ್ರ ಒಳಗೇ ಉಳಿಯುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಮೆತ್ತನೆಯ ಬ್ರಷ್‌ನಿಂದ ಆ ಪದರ ಎತ್ತಿ ತೆಗೆಯಬೇಕು. ಇಷ್ಟರಿಂದಲೇ ಸರಿಹೋಗುವ ಯಂತ್ರಗಳಿವೆ.

ಆಗಲೂ ನಿಂತರೆ ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಪೋರ್ಟ್‌ನಲ್ಲಿ ಪ್ರಯತ್ನಿಸಿ. ನಂತರ ಪೆನ್‌ಡ್ರೈವ್‌ನಿಂದಲೇ ಮಿಂಟ್ ಶುರು ಮಾಡಿ, 'ಡಿಸ್ಕ್ಸ್' ತಂತ್ರಾಂಶದಲ್ಲಿ 'ಸ್ಮಾರ್ಟ್ ಡೇಟಾ' ತೆರೆಯಿರಿ. ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್‌ಗಳ ಸಂಖ್ಯೆ ಸೊನ್ನೆ ಇರಬೇಕು. ನೋಡುತ್ತಿರುವಂತೆ ಏರುತ್ತಿದ್ದರೆ ಹಾರ್ಡ್‌ಡಿಸ್ಕ್‌ನ ಆಯುಷ್ಯ ಮುಗಿದಿದೆ. ಅಂಥ ಡಿಸ್ಕ್ ಮೇಲೆ ಸಮಯ ಕಳೆಯುವುದಕ್ಕಿಂತ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಲ್ಯಾಪ್‌ಟಾಪ್‌ಗೆ ಹಣ ಹಾಕುವುದಾದರೆ ನಾನು ಮೊದಲು ಹೇಳುವುದೇ ಅದನ್ನು.

ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋದರೆ ಕಡತಗಳೇ ಕೈತಪ್ಪಬಹುದು. ಯುಪಿಎಸ್ ಅಥವಾ ಇನ್ವರ್ಟರ್ ಇರುವ ಕಡೆಯೇ ಈ ಕೆಲಸಕ್ಕೆ ಕೂರಿ.

ಕೊನೆಯಲ್ಲಿ ಗ್ರಬ್ ಕೈಕೊಟ್ಟರೆ

ಯಂತ್ರ ಆನ್ ಆದಾಗ ಲಿನಕ್ಸನ್ನು ಶುರು ಮಾಡುವ ತಂತ್ರಾಂಶವೇ ಗ್ರಬ್. 'ಗ್ರಬ್ ಇನ್‌ಸ್ಟಾಲ್ ಆಗಲಿಲ್ಲ' ಎಂಬ ಸಂದೇಶ ಬಂದರೆ ಮೊದಲು ಹೇಳಿದ ಲೆಗಸಿ, ಯುಇಎಫ್ಐ ತಾಳೆಯಾಗಿದೆಯೇ ನೋಡಿ. ಯುಇಎಫ್ಐನಲ್ಲಿ ಶುರು ಮಾಡಿ ಇಎಫ್ಐ ಪಾರ್ಟಿಷನ್ ಇಲ್ಲದಿದ್ದರೆ ಗ್ರಬ್‌ಗೆ ಕೂರಲು ಜಾಗವಿಲ್ಲ. ಮಿಂಟ್‌ನ ಪೆನ್‌ಡ್ರೈವ್‌ನಲ್ಲೇ 'ಬೂಟ್ ರಿಪೇರ್' ಇದೆ. ಇಂಟರ್‌ನೆಟ್ ಕೊಟ್ಟು ಅದರ ಶಿಫಾರಸಿನ ರಿಪೇರಿ ಒತ್ತಿ ನೋಡಿ.

ಎಲ್ಲ ಸುಸೂತ್ರವಾಗಿ ಮುಗಿದು, ರೀಸ್ಟಾರ್ಟ್ ಮಾಡಿದರೆ ಮತ್ತೆ ವಿಂಡೋಸೇ ಬಂತೇ? ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಮಿಂಟ್ ಎಂಬ ಹೆಸರು ಹುಡುಕಬೇಡಿ. ಅಲ್ಲಿ ಅದು 'ಉಬುಂಟು' ಎಂದೇ ಇರುತ್ತದೆ. ಅದನ್ನು ಮೇಲಕ್ಕೆ ತನ್ನಿ. ಏಸರ್‌ನಲ್ಲಿ 'ನೋ ಬೂಟೆಬಲ್ ಡಿವೈಸ್' ಎಂದರೆ ಬಯಾಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೊಟ್ಟು, ಸೆಕ್ಯೂರ್ ಬೂಟ್ ಆನ್ ಮಾಡಿ, ಇಎಫ್ಐ ಫೋಲ್ಡರ್‌ನೊಳಗಿನ ಉಬುಂಟುವಿನಲ್ಲಿರುವ 'ಶಿಮ್‌ಎಕ್ಸ್64' ಕಡತವನ್ನು ವಿಶ್ವಾಸಾರ್ಹ ಎಂದು ಗುರುತಿಸಬೇಕು. ಆ ಪಾಸ್‌ವರ್ಡ್ ಮರೆಯದಂತೆ ಬರೆದಿಡಿ.

ಒಳಗೆ ಬಂದ ಮೇಲೆ

ವೈಫೈ ಕಾಣದಿದ್ದರೆ ಅದು ಬ್ರಾಡ್‌ಕಾಮ್ ಚಿಪ್ ಇರಬಹುದು. ಮೊಬೈಲ್ ಅನ್ನು ಕೇಬಲ್‌ನಲ್ಲಿ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ಇಂಟರ್‌ನೆಟ್ ಬರುತ್ತದೆ. ಆಗ ಡ್ರೈವರ್ ಮ್ಯಾನೇಜರ್ ಬೇಕಾದದ್ದನ್ನು ತರಿಸಿಕೊಳ್ಳುತ್ತದೆ. ಇಂಟರ್‌ನೆಟ್ ಇದ್ದೂ ಬ್ರೌಸರ್ ಪ್ರತಿ ಪುಟಕ್ಕೂ ಎಚ್ಚರಿಕೆ ಕೊಡುತ್ತಿದ್ದರೆ ಗಡಿಯಾರ ನೋಡಿ. ಒಳಗಿನ ಸಿಮಾಸ್ ಸೆಲ್ ಸತ್ತು ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಸೆಲ್ ಬದಲಿಸಿ ತಾರೀಖು ಸರಿಮಾಡಿ.

ಕನ್ನಡ ಟೈಪಿಂಗ್‌ಗೆ ಇಂಟರ್‌ನೆಟ್ ಕೂಡ ಬೇಡ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್‌ನಲ್ಲಿ 'ಕನ್ನಡ, ಕಗಪ' ಸೇರಿಸಿ. ನುಡಿಯಲ್ಲಿ ಕೈ ಪಳಗಿದವರಿಗೆ ಕೀಗಳು ಬಹುಪಾಲು ಅಲ್ಲಲ್ಲೇ ಸಿಗುತ್ತವೆ, ಅಕ್ಷರಗಳು ನೇರವಾಗಿ ಯುನಿಕೋಡ್‌ನಲ್ಲೇ ಮೂಡುತ್ತವೆ.